ಅಂಟಿದರೆ ಸಾಲದು, ಅಲ್ಲೇ ಅಂಟಬೇಕು

ಪಶ್ಚಿಮ ಘಟ್ಟದ ಮರದರಿಶಿನದ ಬಳ್ಳಿ ಕೊಯ್ದರೆ ಒಳಗೆಲ್ಲ ಹಳದಿ. ಬರ್ಬರೀನ್ ಅನ್ನುವ ವಸ್ತುವಿನ ಬಣ್ಣ ಅದು. ಬರ್ಬರೀನ್ ಡಿಎನ್‌ಎಗೆ ಅಂಟುತ್ತದೆ, ಅದರಲ್ಲೂ ನಾಲ್ಕೆಳೆಯ ಡಿಎನ್‌ಎಗೆ. 'ಹಾಗಾದರೆ ಕ್ಯಾನ್ಸರ್‌ಗೆ ಔಷಧಿ ಸಿಕ್ಕಿತಲ್ವಾ?' ಅಂತ ಹಾಸನದಲ್ಲಿ ಕೆಮಿಸ್ಟ್ರಿ ಓದುವ ಹುಡುಗರು ಕೇಳುತ್ತಾರೆ. ಅಷ್ಟು ಸುಲಭವಿಲ್ಲ.

1910ರಲ್ಲೇ ಐವರ್ ಬಾಂಗ್ ಗ್ವಾನೀನ್ (ಡಿಎನ್‌ಎಯ ನಾಲ್ಕು 'ಅಕ್ಷರ'ಗಳಲ್ಲಿ ಒಂದು) ಇರುವ ಗ್ವಾನಿಲಿಕ್ ಆಮ್ಲದ ಗಾಢ ದ್ರಾವಣ ಜೆಲ್ ಆಗುವುದನ್ನು ಗಮನಿಸಿದ್ದರು. ಕಾರಣ ಗೊತ್ತಾಗಿದ್ದು 1962ರಲ್ಲಿ. ಮಾರ್ಟಿನ್ ಗೆಲ್ಲರ್ಟ್ ಮತ್ತು ಜೊತೆಗಾರರು ಎಕ್ಸ್-ರೇ ಹಾಯಿಸಿ ನೋಡಿದರೆ, ನಾಲ್ಕು ನಾಲ್ಕು ಗ್ವಾನೀನ್‌ಗಳು ಚೌಕವಾಗಿ ಜೋಡಿಕೊಂಡಿದ್ದವು. ಇಂಥ ಚೌಕಗಳು ಒಂದರ ಮೇಲೊಂದು ಕೂತು, ನಡುವೆ ಪೊಟ್ಯಾಸಿಯಂ ಸೇರಿ ಗಟ್ಟಿಯಾದರೆ ಅದೇ ಜಿ-ಕ್ವಾಡ್ರುಪ್ಲೆಕ್ಸ್, ಅಂದರೆ ಮೇಲೆ ಹೇಳಿದ ನಾಲ್ಕೆಳೆಯ ಡಿಎನ್‌ಎ.

ಬಹಳ ವರ್ಷ ಯಾರೂ ಇದನ್ನು ಔಷಧಿಯ ಕಣ್ಣಿನಿಂದ ನೋಡಲಿಲ್ಲ. ಕ್ರೋಮೋಸೋಮಿನ ತುದಿಯಲ್ಲಿ ಗ್ವಾನೀನ್ ಜಾಸ್ತಿ, ಆ ತುದಿ ಹೀಗೆ ಮಡಚಿಕೊಂಡರೆ ಅದನ್ನು ಉದ್ದ ಮಾಡುವ ಟೆಲೊಮರೇಸ್ ಅನ್ನುವ ಕಿಣ್ವ ಕೆಲಸ ಮಾಡಲಾರದು ಅಂತ 1991ರಲ್ಲಿ ತಿಳಿಯಿತು. ಹೆಚ್ಚಿನ ಕ್ಯಾನ್ಸರ್ ಕೋಶಗಳು ಬದುಕುವುದೇ ಆ ಟೆಲೊಮರೇಸ್‌ನಿಂದ. 1997ರಲ್ಲಿ ನೀಡಲ್, ಹರ್ಲಿ ತಂಡದವರು ಈ ಮಡಿಕೆಗೆ ಅಂಟಿ ಟೆಲೊಮರೇಸ್ ತಡೆಯುವ ಮೊದಲ ಸಣ್ಣ ಅಣುವನ್ನು ತೋರಿಸಿದರು. ಅಲ್ಲಿಂದ ಹುಡುಕಾಟ ಜೋರಾಯಿತು.

ಹುಡುಕುವ ವಿಧಾನ ಸರಳ. ಮಡಚಿದ ಡಿಎನ್‌ಎಯನ್ನು ನಿಧಾನವಾಗಿ ಬಿಸಿ ಮಾಡಿ, ಎಷ್ಟು ಡಿಗ್ರಿಗೆ ಬಿಚ್ಚಿಕೊಳ್ಳುತ್ತದೆ ನೋಡಿ. ಅಣು ಹಾಕಿದ ಮೇಲೆ ಬಿಚ್ಚಲು ಜಾಸ್ತಿ ಬಿಸಿ ಬೇಕಾದರೆ, ಅಂಟಿದೆ ಅಂತ ಅರ್ಥ. ತೊಂದರೆ ಇರುವುದು ಇದರ ನಂತರ. ಕೋಶದ ತುಂಬ ಇರುವುದು ಎರಡೆಳೆಯ ಡಿಎನ್‌ಎ, ಎರಡಕ್ಕೂ ಅಂಟುವ ಅಣು ಗುರಿ ಮುಟ್ಟುವ ಮೊದಲೇ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ತುಂಬಾ ಹೆಸರು ಮಾಡಿದ ಟಿಎಂಪೈಪಿ4 ಅಣುವಿನ ದೋಷವೂ ಇದೇ. ಹಾಗಾಗಿ ಅದೇ ಟ್ಯೂಬಿಗೆ ಎರಡೆಳೆಯ ಡಿಎನ್‌ಎಯನ್ನು ಧಾರಾಳವಾಗಿ ಸೇರಿಸಿ, ಆಮೇಲೂ ಅಂಟಿಕೊಂಡೇ ಇರುವುದು ಯಾವುದು ಅಂತ ನೋಡುವ ಪರೀಕ್ಷೆಗಳು ಬಂದವು. ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದಿಂದ 2001ರಲ್ಲಿ ಸಿಕ್ಕ ಟೆಲೊಮೆಸ್ಟಾಟಿನ್ ಉಂಗುರದಂಥ ಅಣು, ಚೌಕದ ಮೇಲೆ ಸರಿಯಾಗಿ ಕೂರುತ್ತದೆ, ಎರಡೆಳೆಯದನ್ನು ಅಷ್ಟಾಗಿ ಮುಟ್ಟುವುದಿಲ್ಲ.

ಚೆನ್ನೈನಲ್ಲಿ ಹುಟ್ಟಿದ ಶಂಕರ್ ಬಾಲಸುಬ್ರಮಣಿಯನ್ ಅವರ ಕೇಂಬ್ರಿಡ್ಜ್ ತಂಡ 2013ರಲ್ಲಿ ಮನುಷ್ಯರ ಕೋಶದೊಳಗೇ ಈ ಮಡಿಕೆಗಳನ್ನು ತೋರಿಸಿತು. ಈ ಮಡಿಕೆಗೆ ಅಂಟುವ ಸಿಎಕ್ಸ್-5461 ಅನ್ನುವ ಅಣು ರೋಗಿಗಳ ಮೇಲಿನ ಪ್ರಯೋಗದವರೆಗೆ ಹೋಗಿದೆ, ಆದರೆ ಅದು ಡಿಎನ್‌ಎಯ ಸಿಕ್ಕು ಬಿಡಿಸುವ ಟೊಪೊಐಸೊಮರೇಸ್ ಅನ್ನುವ ಕಿಣ್ವವನ್ನೂ ಕೆಡಿಸುತ್ತದೆ ಅಂತ ಆಮೇಲೆ ಗೊತ್ತಾಯಿತು. ಅಣು ಕೆಲಸ ಮಾಡುವುದು ನಮಗೆ ಬೇಕಾದ ಕಡೆ ಮಾತ್ರವಾ? ಮತ್ತೆ ಅದೇ ಪ್ರಶ್ನೆ!

ನಮ್ಮ ಜಿಲ್ಲೆಯ ಎಂ.ಎಸ್ಸಿ. ಹುಡುಗರು ಗಿಡದ ಸಾರ ಹಿಡಿದು ಪ್ರಾಜೆಕ್ಟ್ ಮಾಡಲಿ, ನನಗೆ ಅದು ನಿಜಕ್ಕೂ ಖುಷಿ. ಬಿಸಿ ಮಾಡುವ ಸೌಲಭ್ಯವಿರುವ ಯುವಿ ಯಂತ್ರವಿದ್ದರೆ (ವಸ್ತು ಎಷ್ಟು ಅತಿನೇರಳೆ ಬೆಳಕು ಹೀರುತ್ತದೆ ಅಂತ ಅಳೆಯುವುದು) ಸಾಕು, 295 ನ್ಯಾನೊಮೀಟರಿನ ಬೆಳಕಿನಲ್ಲಿ ಮಡಿಕೆ ಬಿಚ್ಚುವುದು ಕಾಣುತ್ತದೆ. ಆದರೆ ಎರಡೆಳೆಯದಾದ ಕರುವಿನ ಥೈಮಸ್ ಗ್ರಂಥಿಯ ಡಿಎನ್‌ಎ ಸೇರಿಸಿ ಇನ್ನೊಮ್ಮೆ ಅಳೆಯದೆ ವರದಿ ಬರೆಯಬೇಡಿ.