ಸತ್ತ ಮೇಲೂ ಮುಗಿಯದ ಜೀತ: ಹೈಟಿಯ ಜಾಂಬಿಗಳ ಹಿಂದಿನ ಕಥೆ

ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಅಂತ ನಮ್ಮಲ್ಲಿ ಹೇಳುತ್ತಾರೆ. ಉಪ್ಪು ತಿಂದವನು ಋಣಕ್ಕೆ ಬಿದ್ದ ಹಾಗೆ. ಕೆರಿಬಿಯನ್ ಸಮುದ್ರದ ಹೈಟಿ ದೇಶದ ಹಳ್ಳಿಗಳಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ ಜಾಂಬಿಯನ್ನು, ಅಂದರೆ ಮಂತ್ರವಾದಿ ಎಬ್ಬಿಸಿ ದುಡಿಮೆಗೆ ಹಚ್ಚಿದ ಹೆಣವನ್ನು, ಇಟ್ಟುಕೊಂಡ ಯಜಮಾನ ಅದರ ಊಟಕ್ಕೆ ಒಂದು ಹರಳು ಉಪ್ಪನ್ನೂ ಹಾಕುವುದಿಲ್ಲ. ಸಪ್ಪೆ ಊಟ ಹಾಕಿಯೇ ದುಡಿಸುತ್ತಾನೆ. ಉಪ್ಪು ನಾಲಿಗೆಗೆ ತಾಗಿತೋ, ತಾನು ಸತ್ತಿದ್ದೇನೆ ಅನ್ನುವುದು ಅದಕ್ಕೆ ನೆನಪಾಗಿಬಿಡುತ್ತದಂತೆ. ಆಮೇಲೆ ಅದನ್ನು ಹಿಡಿದು ನಿಲ್ಲಿಸುವವರು ಯಾರೂ ಇಲ್ಲ.

ಇದರ ಬಗ್ಗೆ ಒಂದು ಕಥೆ ಇದೆ. 1918ನೇ ಇಸವಿ. ಹೈಟಿ ಆಗ ಅಮೆರಿಕದ ಸೈನ್ಯದ ಕೈಯಲ್ಲಿತ್ತು. ಹ್ಯಾಸ್ಕೊ ಅನ್ನುವ ದೊಡ್ಡ ಸಕ್ಕರೆ ಕಂಪನಿಗೆ ಆ ವರ್ಷ ಕಬ್ಬು ಚೆನ್ನಾಗಿ ಬಂದಿತ್ತು, ಕಡಿಯಲು ಆಳು ಸಾಲುತ್ತಿರಲಿಲ್ಲ. ಜೋಸೆಫ್ ಎಂಬ ಮೇಸ್ತ್ರಿ ಒಂದು ಬೆಳಿಗ್ಗೆ ಹರಕು ಬಟ್ಟೆಯ ಒಂದಷ್ಟು ಜನರನ್ನು ಕರೆದುಕೊಂಡು ಬಂದ. ಕಣ್ಣು ಮಂಕು, ಹೆಸರು ಕೇಳಿದರೆ ಮಾತಿಲ್ಲ. ದೂರದ ಬೆಟ್ಟದ ಕಡೆಯವರು, ಮಿಲ್ಲಿನ ಸದ್ದಿಗೆ ಬೆದರಿದ್ದಾರೆ ಅಂದ. ಅವರು ದಿನವಿಡೀ ಕಬ್ಬಿನ ಗದ್ದೆಯಲ್ಲಿ ದುಡಿದರು. ವಾರದ ಕೊನೆಗೆ ಅವರೆಲ್ಲರ ಕೂಲಿಯನ್ನು ಜೋಸೆಫನೇ ಎಣಿಸಿಕೊಂಡ.

ಒಂದು ಹಬ್ಬದ ದಿನ ಅವನ ಹೆಂಡತಿಗೆ ಅಯ್ಯೋ ಪಾಪ ಅನ್ನಿಸಿತು. ಅವರನ್ನು ಜಾತ್ರೆಗೆ ಕರೆದುಕೊಂಡು ಹೋಗಿ ಬೆಲ್ಲದ ಮಿಠಾಯಿ ಕೊಡಿಸಿದಳು. ನಮ್ಮ ಕಡಲೆಕಾಯಿ ಚಿಕ್ಕಿಯಂಥದ್ದೇ. ಸಿಹಿ ಅಲ್ವಾ, ಏನಾಗುತ್ತೆ ಅಂದುಕೊಂಡಳು. ಆದರೆ ಮಿಠಾಯಿ ಮಾಡಿದವರು ಬೆಲ್ಲದ ಪಾಕಕ್ಕೆ ಹಾಕುವ ಮುಂಚೆ ಕಡಲೆಕಾಯಿಗೆ ಉಪ್ಪು ಬೆರೆಸಿದ್ದರು. ಒಂದು ತುಂಡು ಬಾಯಿಗೆ ಬಿದ್ದದ್ದೇ ತಡ, ಅಷ್ಟೂ ಜನ ಚೀರಿ ಎದ್ದು ತಮ್ಮ ಬೆಟ್ಟದ ಊರಿನ ಕಡೆ ಹೊರಟರು. ಮನೆಯವರು ಗುರುತು ಹಿಡಿದು ಕರೆದರೂ ತಿರುಗಿ ನೋಡಲಿಲ್ಲ. ನೇರ ಸ್ಮಶಾನಕ್ಕೆ ಹೋಗಿ, ತಮ್ಮ ತಮ್ಮ ಗೋರಿಯ ಮಣ್ಣನ್ನು ಉಗುರಿನಿಂದ ಕೆದಕುತ್ತಾ ಅಲ್ಲೇ ಹೆಣವಾಗಿ ಬಿದ್ದರು.

ಹೈಟಿಯ ರೈತನೊಬ್ಬ ಈ ಕಥೆಯನ್ನು ವಿಲಿಯಂ ಸೀಬ್ರೂಕ್ ಎಂಬ ಅಮೆರಿಕದ ಲೇಖಕನಿಗೆ ಹೇಳಿದ. ಸೀಬ್ರೂಕ್ ಅದನ್ನು 1929ರಲ್ಲಿ ಪುಸ್ತಕದಲ್ಲಿ ಹಾಕಿದ. ಇಂಗ್ಲಿಷ್ ಓದುವ ಜಗತ್ತಿಗೆ ಜಾಂಬಿ ಸರಿಯಾಗಿ ಪರಿಚಯವಾದದ್ದು ಅಲ್ಲಿಂದ. ಕಥೆ ನಿಜವೋ ಸುಳ್ಳೋ, ಅದರೊಳಗೆ ಏನೇನಿದೆ ನೋಡಿ. ಮೇಸ್ತ್ರಿ, ಕೂಲಿ, ಸಕ್ಕರೆ ಕಂಪನಿ, ದುಡ್ಡು ಹೊಡೆದುಕೊಳ್ಳುವ ಮಧ್ಯದವನು. ಜಾಂಬಿ ಯಾರನ್ನೂ ಕಚ್ಚುವುದಿಲ್ಲ, ಅಟ್ಟಿಸಿಕೊಂಡು ಬರುವುದಿಲ್ಲ. ಬಗ್ಗಿಸಿದ ಬೆನ್ನು ಎತ್ತದೆ ಕಬ್ಬು ಕಡಿಯುತ್ತದೆ, ಅಷ್ಟೇ. ಹೈಟಿಯವರ ಹೆದರಿಕೆ ಇದ್ದದ್ದು ತಾವೇ ಹಾಗಾಗಿಬಿಟ್ಟರೆ ಅಂತ.

ಆ ಹೆದರಿಕೆ ಎಲ್ಲಿಂದ ಬಂತು? ಹೈಟಿಗೆ ಮೊದಲು ಸೇಂಟ್ ಡೊಮಿಂಗ್ ಅಂತ ಹೆಸರಿತ್ತು. 1697ರ ಒಪ್ಪಂದದಲ್ಲಿ ಹಿಸ್ಪಾನಿಯೋಲ ದ್ವೀಪದ ಪಡುವಣ ಭಾಗ ಫ್ರೆಂಚರ ಕೈಗೆ ಬಂತು. ಮುಂದಿನ ನೂರು ವರ್ಷದೊಳಗೆ ಅದು ಜಗತ್ತಿನ ಅತಿ ಲಾಭದ ವಸಾಹತುಗಳಲ್ಲಿ ಒಂದಾಯಿತು. ಯೂರೋಪ್ ತಿನ್ನುತ್ತಿದ್ದ ಸಕ್ಕರೆಯಲ್ಲಿ ಸುಮಾರು 40 ಪರ್ಸೆಂಟ್ ಅಲ್ಲಿಂದಲೇ ಬರುತ್ತಿತ್ತು. 1790ರ ಹೊತ್ತಿಗೆ ಅಲ್ಲಿ ಸುಮಾರು 5 ಲಕ್ಷ ಗುಲಾಮರಿದ್ದರು. ಹುಟ್ಟುವವರಿಗಿಂತ ಸಾಯುವವರೇ ಜಾಸ್ತಿ. ಸತ್ತವರ ಜಾಗ ತುಂಬಲು ಆಫ್ರಿಕಾದಿಂದ ಹಡಗುಗಳು ಬರುತ್ತಲೇ ಇದ್ದವು. ಗಾಣದ ಪಕ್ಕದಲ್ಲಿ ಒಂದು ಮಚ್ಚು ಇಟ್ಟಿರುತ್ತಿದ್ದರು. ಕಬ್ಬು ತುರುಕುವಾಗ ಗುಲಾಮನ ಕೈ ಸಿಕ್ಕಿಕೊಂಡರೆ ಗಾಣ ನಿಲ್ಲಿಸುವ ಬದಲು ಕೈಯನ್ನೇ ಕಡಿಯಲಿಕ್ಕೆ.

ಇಂಥ ಬದುಕಿನಲ್ಲಿ ಸಾವಿಗೆ ಬೇರೆಯೇ ಅರ್ಥ ಬರುತ್ತದೆ. ಸತ್ತವರು ಸಮುದ್ರ ದಾಟಿ ಗಿನೆನ್‌ಗೆ ವಾಪಸ್ ಹೋಗುತ್ತಾರೆ ಅನ್ನುವ ನಂಬಿಕೆ ಗುಲಾಮರಲ್ಲಿತ್ತು. ಗಿನೆನ್ ಅಂದರೆ ಪೂರ್ವಿಕರ ಆಫ್ರಿಕಾ, ತವರು. ಎಷ್ಟೋ ಜನ ಆ ದಾರಿಯನ್ನು ತಾವಾಗಿಯೇ ಹಿಡಿದರು. ಜಾಂಬಿಗೆ ಮಾತ್ರ ಆ ಬಾಗಿಲೂ ಮುಚ್ಚಿರುತ್ತದೆ. ಸತ್ತ ಮೇಲೂ ತೋಟದಲ್ಲೇ ಇರಬೇಕು.

ಇಲ್ಲೊಂದು ಮಾತು ಹೇಳಲೇಬೇಕು. ಹಳೆಯ ಬರಹಗಳಲ್ಲಿ ಜಾಂಬಿ ಅಂದರೆ ದುಡಿಯುವ ಹೆಣ ಅಂತ ಇಲ್ಲ. 1797ರಲ್ಲಿ ಮೊರೊ ದ ಸೇಂಟ್ ಮೆರಿ ಈ ವಸಾಹತಿನ ಬಗ್ಗೆ ಬರೆಯುವಾಗ ಆ ಪದಕ್ಕೆ ದೆವ್ವ, ತಿರುಗಿ ಬಂದ ಆತ್ಮ ಅನ್ನುವ ಅರ್ಥ ಕೊಟ್ಟ. ಪದದ ಬೇರು ಮಧ್ಯ ಆಫ್ರಿಕಾದ ಕೊಂಗೊ ಭಾಷೆಯಲ್ಲಿರಬೇಕು ಅಂತ ವಿದ್ವಾಂಸರು ಹೇಳುತ್ತಾರೆ. ಅಲ್ಲಿ ‘ನ್ಜಾಂಬಿ’ ಅಂದರೆ ದೇವರು. ಈಗಲೂ ಹೈಟಿಯಲ್ಲಿ ಎರಡು ಬಗೆಯ ಜಾಂಬಿಗಳಿವೆ. ಒಂದು, ದೇಹ ಇಲ್ಲದ್ದು: ಸತ್ತವನ ಆತ್ಮದ ಒಂದು ಭಾಗವನ್ನು ಮಂತ್ರವಾದಿ ಬಾಟಲಿಯಲ್ಲಿ ಹಿಡಿದಿಟ್ಟು ಕೆಲಸಕ್ಕೆ ಹಚ್ಚುತ್ತಾನೆ. ಇನ್ನೊಂದು, ಆತ್ಮ ಇಲ್ಲದ ದೇಹ. ಸಿನಿಮಾದವರು ಎತ್ತಿಕೊಂಡದ್ದು ಈ ಎರಡನೆಯದನ್ನು.

ಹಾಗಂತ ಹೈಟಿಯ ಜನ ಪಾಲಿಸುವ ವೊಡು ಧರ್ಮ ಅಂದರೆ ಇದೇ ಅಂದುಕೊಂಡರೆ ತಪ್ಪು. ವೊಡು ಅಂದರೆ ಪಶ್ಚಿಮ ಆಫ್ರಿಕಾದ ಫಾನ್ ಭಾಷೆಯಲ್ಲಿ ದೈವ. ಬೊಂಡಿಯೆ ಎಂಬ ದೂರದ ದೇವರು, ಅವನ ಕೆಳಗೆ ‘ಲ್ವಾ’ ಎಂಬ ದೈವಗಳು. ದಾರಿ ಕಾಯುವ ಲೆಗ್ಬ, ಸ್ಮಶಾನದ ಯಜಮಾನ ಬ್ಯಾರನ್ ಸಾಮ್ಡಿ ಹೀಗೆ. ದೈವ ಮೈಮೇಲೆ ಬರುತ್ತದೆ, ನುಡಿ ಕೊಡುತ್ತದೆ. ತುಳುನಾಡಿನ ಕೋಲ ನೋಡಿದವರಿಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸಲಿಕ್ಕಿಲ್ಲ. ಪೂಜೆ ನಡೆಸುವವನು ಊಂಗಾನ್, ಹೆಂಗಸಾದರೆ ಮಾನ್ಬೊ. ಜಾಂಬಿ ಮಾಡುವವನು ಬೇರೆ, ಅವನು ಬೊಕೊರ್. ‘ಎರಡೂ ಕೈಯಲ್ಲಿ ಕೆಲಸ ಮಾಡುವವನು’, ಅಂದರೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಕೈ ಹಾಕುವವನು, ಅಂತ ಅವನ ಬಗ್ಗೆ ಜನ ತಗ್ಗಿದ ದನಿಯಲ್ಲಿ ಹೇಳುತ್ತಾರೆ.

ಬೊಕೊರ್ ಕೈಗೆ ಹೆಣ ಸಿಗದಿರಲಿ ಅಂತ ಮನೆಯವರು ಮಾಡುವ ಉಪಾಯಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಎಳ್ಳಿನದು. ಶವಪೆಟ್ಟಿಗೆಯೊಳಗೆ ಒಂದು ಹಿಡಿ ಎಳ್ಳು ಚೆಲ್ಲುತ್ತಾರೆ, ಜೊತೆಗೆ ಕಣ್ಣಿಲ್ಲದ ಒಂದು ಸೂಜಿ. ಸತ್ತವನು ಎಳ್ಳು ಎಣಿಸುತ್ತಾ, ಪೋಣಿಸಲಾಗದ ಸೂಜಿಗೆ ದಾರ ಪೋಣಿಸುತ್ತಾ ಕೂರುತ್ತಾನೆ. ಮೇಲಿನಿಂದ ಬೊಕೊರ್ ಹೆಸರು ಹಿಡಿದು ಕರೆದರೂ ಓಗೊಡಲು ಅವನಿಗೆ ಪುರುಸೊತ್ತು ಇರಬಾರದು! ನಾವು ಸತ್ತವರಿಗೆ ಎಳ್ಳುನೀರು ಬಿಟ್ಟು ಕಳಿಸಿಕೊಡುತ್ತೇವೆ, ಅವರು ಎಳ್ಳು ಕೊಟ್ಟು ಅಲ್ಲೇ ಕೂರಿಸುತ್ತಾರೆ.

1791ರಲ್ಲಿ ಗುಲಾಮರು ದಂಗೆ ಎದ್ದರು. ಬ್ವಾ ಕೈಮಾನ್ ಎಂಬ ಕಾಡಿನಲ್ಲಿ ರಾತ್ರಿ ನಡೆದ ವೊಡು ಪೂಜೆಯಿಂದಲೇ ಅದು ಶುರುವಾಯಿತು ಅನ್ನುವುದು ಹೈಟಿಯವರ ಹೆಮ್ಮೆ. 1804ರ ಜನವರಿ 1ಕ್ಕೆ ದೇಶ ಸ್ವತಂತ್ರವಾಯಿತು. ಆದರೆ ದುಡಿತದ ಕಾಟ ಮುಗಿಯಲಿಲ್ಲ. ತೋಟದ ಮಾಲೀಕರಿಗೆ ಪರಿಹಾರ ಕೊಡಿ ಅಂತ 1825ರಲ್ಲಿ ಫ್ರಾನ್ಸ್ ಯುದ್ಧದ ಹಡಗು ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ಕೇಳಿತು. ಗುಲಾಮರಾಗಿದ್ದವರೇ ಯಜಮಾನರಿಗೆ ನಷ್ಟ ತುಂಬಿಕೊಡಬೇಕು! ಆಮೇಲೆ ಆ ಮೊತ್ತ 9 ಕೋಟಿಗೆ ಇಳಿಯಿತು, ಸಾಲ ಮಾತ್ರ ತಲೆಮಾರುಗಟ್ಟಲೆ ಉಳಿಯಿತು. ಹೈಟಿಯ ಸರ್ಕಾರವೇ 1826ರಲ್ಲಿ ರೈತರು ತೋಟ ಬಿಟ್ಟು ಹೋಗದ ಹಾಗೆ ಕಾನೂನು ತಂದಿತು. 1915ರಲ್ಲಿ ಅಮೆರಿಕದ ಸೈನಿಕರು ಬಂದರು. 1934ರವರೆಗೆ ಇದ್ದರು. ರಸ್ತೆ ಹಾಕಿಸಲು ಹಳೆಯ ಬಿಟ್ಟಿ ಕೆಲಸದ ಕಾನೂನನ್ನು ಹುಡುಕಿ ತೆಗೆದು, ರೈತರನ್ನು ಹಿಡಿದು, ಓಡಿಹೋಗದಂತೆ ಹಗ್ಗ ಕಟ್ಟಿ ಕರೆದೊಯ್ದರು. ಹ್ಯಾಸ್ಕೊ ಕಥೆ ಹುಟ್ಟಿದ್ದು ಇದೇ ಕಾಲದಲ್ಲಿ. ಕಥೆ ಹೇಳಿದ ರೈತನಿಗೆ ಜಾಂಬಿ ಹೇಗಿರುತ್ತದೆ ಅಂತ ಊಹಿಸಲು ಕಷ್ಟಪಡಬೇಕಾಗಿರಲಿಲ್ಲ.

ಹಾಲಿವುಡ್‌ಗೆ ಇದೆಲ್ಲ ಬೇಕಿರಲಿಲ್ಲ. 1932ರಲ್ಲಿ ‘ವೈಟ್ ಜಾಂಬಿ’ ಬಂತು. ಅದರಲ್ಲಿ ಹೈಟಿಯದ್ದು ಅನ್ನಬಹುದಾದ ಒಂದು ದೃಶ್ಯ ಇದೆ: ಸಕ್ಕರೆ ಮಿಲ್ಲಿನಲ್ಲಿ ಜಾಂಬಿಯೊಬ್ಬ ಕಬ್ಬು ಅರೆಯುವ ಯಂತ್ರದೊಳಗೆ ಬೀಳುತ್ತಾನೆ. ಉಳಿದವರು ತಿರುಗಿಯೂ ನೋಡದೆ ಅದನ್ನು ತಿರುಗಿಸುತ್ತಲೇ ಇರುತ್ತಾರೆ. ಮಿಕ್ಕಿದ್ದೆಲ್ಲ ಬಿಳಿ ಹುಡುಗಿಯನ್ನು ಕಾಪಾಡುವ ಕಥೆ. 1968ರಲ್ಲಿ ಜಾರ್ಜ್ ರೊಮೆರೊ ಮಾಡಿದ ಸಿನಿಮಾದಲ್ಲಿ ಹೆಣಗಳು ಮನುಷ್ಯರನ್ನು ತಿನ್ನಲು ಶುರು ಮಾಡಿದವು. ಜನ ಅವನ್ನೇ ಜಾಂಬಿ ಅಂದರು. ಹೈಟಿ ಅಲ್ಲಿಗೆ ಕಥೆಯಿಂದ ಹೊರಗೆ.

ಇನ್ನು ನಿಜ ಎಷ್ಟು ಅನ್ನುವ ವಿಷಯಕ್ಕೆ ಬರೋಣ. ಹೈಟಿಯ ದಂಡ ಸಂಹಿತೆಯಲ್ಲಿ 246ನೇ ಕಲಂ ಅಂತ ಒಂದಿತ್ತು. ಯಾರಿಗಾದರೂ ಪ್ರಾಣ ಹೋಗದಂತೆ, ಆದರೆ ಹೆಚ್ಚು ಹೊತ್ತು ಹೆಣದ ಹಾಗೆ ಬಿದ್ದಿರುವಂತೆ ಏನಾದರೂ ಉಣಿಸಿದರೆ ಅದು ವಿಷಪ್ರಾಶನ. ಆ ಸ್ಥಿತಿಯಲ್ಲಿ ಅವನನ್ನು ಹೂತುಬಿಟ್ಟರೆ ಅದು ಕೊಲೆ, ಮುಂದೆ ಏನೇ ಆಗಿರಲಿ. 1864ರಲ್ಲಿ ಸೇರಿದ ಮಾತು ಇದು. ಜಾಂಬಿ ಅನ್ನುವ ಪದ ಎಲ್ಲೂ ಇಲ್ಲ. ಆದರೂ ಓದಿದವರಿಗೆ ಗೊತ್ತಾಗುತ್ತದೆ.

1962ರ ಏಪ್ರಿಲ್ 30ರಂದು ಕ್ಲೇರ್ವಿಯಸ್ ನಾರ್ಸಿಸ್ ಎಂಬಾತ ಜ್ವರ, ಮೈಕೈ ನೋವು ಅಂತ ದೆಶಾಪೆಲ್ ಊರಿನ ಆಸ್ಪತ್ರೆಗೆ ಬಂದ. ರಕ್ತ ಕಾರುತ್ತಿದ್ದ. ಮೇ 2ರಂದು ಸತ್ತಿದ್ದಾನೆ ಅಂತ ವೈದ್ಯರು ಬರೆದರು. ಮರುದಿನ ಹೂತರು. 18 ವರ್ಷದ ನಂತರ, 1980ರಲ್ಲಿ, ಲೆಸ್ತೇರ್ ಸಂತೆಯಲ್ಲಿ ಒಬ್ಬ ಮನುಷ್ಯ ನಾರ್ಸಿಸ್‌ನ ತಂಗಿಯ ಮುಂದೆ ನಿಂತು, ಮನೆಯವರಿಗಷ್ಟೇ ಗೊತ್ತಿದ್ದ ಬಾಲ್ಯದ ಅಡ್ಡಹೆಸರು ಹೇಳಿ ತಾನೇ ಅವನು ಅಂದ. ಕೆನ್ನೆಯ ಮೇಲಿನ ಗಾಯ ಶವಪೆಟ್ಟಿಗೆಯ ಮೊಳೆಯದು ಅಂದ. ಜಮೀನಿನ ಜಗಳದಲ್ಲಿ ಅಣ್ಣನೇ ತನ್ನನ್ನು ಮಾರಿದ, ರಾತ್ರಿ ಗೋರಿಯಿಂದ ತೆಗೆದು ಹೊಡೆದು ಉತ್ತರದ ಸಕ್ಕರೆ ತೋಟಕ್ಕೆ ಒಯ್ದರು ಅಂದ. ಎರಡು ವರ್ಷ ಅಲ್ಲಿ ಇದ್ದ, ಯಜಮಾನ ಸತ್ತ ಮೇಲೆ ತಪ್ಪಿಸಿಕೊಂಡ, ಅಣ್ಣ ಬದುಕಿರುವ ತನಕ ಊರಿಗೆ ಬರಲಿಲ್ಲ ಅನ್ನುವುದು ಅವನ ಹೇಳಿಕೆ. ಮನೋವೈದ್ಯ ಲಾಮಾರ್ಕ್ ದುಯೋನ್ ಅವನಿಗೆ ಬಾಲ್ಯದ ಬಗ್ಗೆ ಪ್ರಶ್ನೆಗಳನ್ನು ಕೇಳಿದರು. ಎಲ್ಲಕ್ಕೂ ಸರಿಯಾದ ಉತ್ತರ ಬಂತು.

1982ರಲ್ಲಿ ವೇಡ್ ಡೇವಿಸ್ ಎಂಬ ಹಾರ್ವರ್ಡ್‌ನ ಸಸ್ಯಶಾಸ್ತ್ರದ ವಿದ್ಯಾರ್ಥಿ ಹೈಟಿಗೆ ಬಂದ. ಬೊಕೊರ್‌ಗಳಿಂದ ಪುಡಿಗಳನ್ನು ಕೊಂಡ. ಹೆಣದ ಮೂಳೆ, ಕಪ್ಪೆ, ತುರಿಕೆ ಹುಟ್ಟಿಸುವ ಸೊಪ್ಪು, ಗಾಜಿನ ಪುಡಿ, ಜೊತೆಗೆ ಉಬ್ಬುವ ವಿಷದ ಮೀನು. ಜಪಾನಿನಲ್ಲಿ ಫುಗು ಅಂತ ಕರೆಯುತ್ತಾರಲ್ಲ, ಲೈಸೆನ್ಸ್ ಇದ್ದ ಬಾಣಸಿಗರಷ್ಟೇ ಮುಟ್ಟುವ ಮೀನು, ಅದೇ ಜಾತಿ. ಅದರಲ್ಲಿರುವ ಟೆಟ್ರೊಡೊಟಾಕ್ಸಿನ್ ನರಗಳ ಸಂದೇಶವನ್ನೇ ತಡೆಯುತ್ತದೆ. ಮೈ ಮರಗಟ್ಟುತ್ತದೆ, ಉಸಿರು ಕುಗ್ಗುತ್ತದೆ, ಆದರೆ ಎಚ್ಚರ ಇರಬಹುದು. ಗೋರಿಯಿಂದ ಎತ್ತಿದ ಮೇಲೆ ದತ್ತೂರಿ ತಿನ್ನಿಸುತ್ತಾರೆ ಅಂತ ಡೇವಿಸ್ ಬರೆದ. ನಮ್ಮ ಶಿವನಿಗೆ ಏರಿಸುವ ಉಮ್ಮತ್ತಿಯ ಜಾತಿಯ ಗಿಡವೇ. ಹೈಟಿಯಲ್ಲಿ ಅದರ ಹೆಸರು ‘ಜಾಂಬಿ ಸೌತೆ’. ಅದು ತಲೆ ಕೆಡಿಸುತ್ತದೆ, ನೆನಪು ಅಳಿಸುತ್ತದೆ.

ಕೇಳಲು ಎಷ್ಟು ಚೆನ್ನಾಗಿದೆ! ಪುಸ್ತಕ ಬಂತು, 1988ರಲ್ಲಿ ಸಿನಿಮಾನೂ ಬಂತು. ಆದರೆ ಈ ವಿಷದ ಮೇಲೆ ಜೀವಮಾನ ಕಳೆದ ಸಿ.ವೈ. ಕಾವ್ ಮತ್ತು ತಾಕೆಶಿ ಯಾಸುಮೊಟೊ ಡೇವಿಸ್ ತಂದ ಪುಡಿಯನ್ನು ಪರೀಕ್ಷಿಸಿದರು. ವಿಷ ಇದ್ದದ್ದು ಲೆಕ್ಕಕ್ಕೆ ಬಾರದಷ್ಟು. ಪುಡಿಯ ಕ್ಷಾರ ಗುಣಕ್ಕೆ ಇದ್ದದ್ದೂ ಕೆಟ್ಟುಹೋಗುತ್ತದೆ ಅಂದರು. ಪ್ರಮಾಣ ಒಂದು ಕೂದಲೆಳೆ ಜಾಸ್ತಿಯಾದರೆ ಮನುಷ್ಯ ನಿಜವಾಗಿಯೂ ಸಾಯುತ್ತಾನೆ, ಕಡಿಮೆಯಾದರೆ ಏನೂ ಆಗುವುದಿಲ್ಲ. ಡೇವಿಸ್ ತನ್ನ ಮಾತು ಬಿಡಲಿಲ್ಲ. ಪುಡಿ ಒಂದೇ ಸಾಲದು, ನಂಬಿಕೆಯೂ ಬೇಕು ಅಂದ. ನನಗೆ ಕಾವ್ ಕಡೆಯ ವಾದವೇ ಗಟ್ಟಿ ಅನ್ನಿಸುತ್ತದೆ. ನಾರ್ಸಿಸ್‌ಗೆ ಏನಾಯಿತು ಅನ್ನುವುದಕ್ಕೆ ಮಾತ್ರ ಆ ವಾದದಲ್ಲಿ ಉತ್ತರ ಇಲ್ಲ.

ಉತ್ತರದ ಒಂದು ತುದಿ ಬೇರೆ ಕಡೆ ಇದೆ. 1936ರಲ್ಲಿ ಅಮೆರಿಕದ ಲೇಖಕಿ ಜೋರಾ ನೀಲ್ ಹರ್ಸ್ಟನ್ ಗೊನೈವ್ ಊರಿನ ಆಸ್ಪತ್ರೆಯಲ್ಲಿ ಒಬ್ಬ ಹೆಂಗಸಿನ ಫೋಟೊ ತೆಗೆದರು. 1907ರಲ್ಲಿ ಸತ್ತಿದ್ದ ಫೆಲಿಶಿಯಾ ಇವಳೇ ಅಂತ ಊರವರು ಹೇಳುತ್ತಿದ್ದರು. ಆಮೇಲೆ ಹೈಟಿಯ ಮನೋವೈದ್ಯ ಲೂಯಿ ಮಾರ್ಸ್ ಬೇರೆ ಕಥೆ ಹೇಳಿದರು. ನಿಜವಾದ ಫೆಲಿಶಿಯಾಳ ಕಾಲು ಹಿಂದೊಮ್ಮೆ ಮುರಿದಿತ್ತು, ಈ ಹೆಂಗಸಿನ ಎಕ್ಸ್-ರೇಯಲ್ಲಿ ಮುರಿತದ ಗುರುತೇ ಇರಲಿಲ್ಲ. ಇವಳು ಮಾನಸಿಕ ಕಾಯಿಲೆಯಿಂದ ಅಲೆಯುತ್ತಿದ್ದ ಯಾರೋ.

1997ರಲ್ಲಿ ದುಯೋನ್ ಮತ್ತು ಬ್ರಿಟನ್ನಿನ ಮನೋವೈದ್ಯ ರೋಲಂಡ್ ಲಿಟಲ್‌ವುಡ್ ಮೂರು ಜಾಂಬಿಗಳನ್ನು ಪರೀಕ್ಷಿಸಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಒಬ್ಬಳಿಗೆ ಸ್ಕಿಜೋಫ್ರೀನಿಯಾ. ಒಬ್ಬನಿಗೆ ಮಿದುಳಿಗೆ ಪೆಟ್ಟು, ಮೂರ್ಛೆರೋಗ. ಅವನ ಚಿಕ್ಕಪ್ಪನೇ ಜಾಂಬಿ ಮಾಡಿದ ಅಂತ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತ್ತು. ಡಿಎನ್‌ಎ ಪರೀಕ್ಷೆ ನೋಡಿದರೆ ಆ ಹುಡುಗ ಆ ಮನೆಯ ಮಗನೇ ಆಗಿರಲಿಲ್ಲ.

ಮೂರನೆಯವಳು 31 ವರ್ಷದ ಹೆಂಗಸು. 18ನೇ ವಯಸ್ಸಿನಲ್ಲಿ ಜ್ವರದಿಂದ ಸತ್ತಳು, 13 ವರ್ಷದ ನಂತರ ವಾಪಸ್ ಬಂದಳು ಅಂತ ಮನೆಯವರು ಹೇಳಿದರು. ಉತ್ತರದ ಒಂದು ಊರಿನಲ್ಲಿ ಬೊಕೊರ್ ನನ್ನನ್ನು ಇಟ್ಟುಕೊಂಡಿದ್ದ ಅಂತ ಅವಳು ಹೇಳುತ್ತಿದ್ದಳು. ಲಿಟಲ್‌ವುಡ್ ಅವಳನ್ನು ಆ ಊರಿಗೇ ಕರೆದುಕೊಂಡು ಹೋದರು. ಸಂತೆಯ ಜನ ನೋಡಿದ ತಕ್ಷಣ ಗುರುತು ಹಿಡಿದರು. ಇವಳು ನಮ್ಮೂರವಳೇ, ಬುದ್ಧಿ ಸ್ವಲ್ಪ ಮಂದ, ಕೆಲವು ತಿಂಗಳ ಹಿಂದೆ ಕಾಣೆಯಾದಳು ಅಂದರು. ಅವಳ ಮಗಳೂ ಅಲ್ಲೇ ಇದ್ದಳು. ಅಲ್ಲಿನ ಮನೆಯವರು ನಮ್ಮ ಹುಡುಗಿಯನ್ನು ಜಾಂಬಿ ಮಾಡಿ ಒಯ್ದವರು ನೀವೇ ಅಂತ ಅವಳನ್ನು ಮಗಳೆಂದು ಕರೆದುಕೊಂಡಿದ್ದ ಮನೆಯವರ ಮೇಲೆ ಹರಿಹಾಯ್ದರು. ಇವರೂ ಸುಮ್ನೆ ಬಿಡಲಿಲ್ಲ, ಒಯ್ದವರು ನೀವು ಅಂತ ತಿರುಗಿಬಿದ್ದರು. ಡಿಎನ್‌ಎ ನೋಡಿದರೆ, ಸತ್ತ ಮಗಳು ಬಂದಳು ಅಂತ ಅವಳನ್ನು ಒಳಗೆ ಕರೆದುಕೊಂಡಿದ್ದ ಮನೆಗೂ ಅವಳಿಗೂ ಸಂಬಂಧವೇ ಇದ್ದ ಹಾಗಿರಲಿಲ್ಲ. ಅವಳನ್ನು ಬಿಟ್ಟುಕೊಡಲು ಎರಡೂ ಮನೆಯವರು ಒಪ್ಪಲಿಲ್ಲ.