‘ಆನಾ ಪಡಾ’ ಅನ್ನುವ ಮೊದಲು

ಉತ್ತರದ ಕಡೆಗೆ ವರ್ಗವಾದ ಬ್ಯಾಂಕಿನವರು, ರೈಲ್ವೆಯವರು, ಸೇನೆಯಲ್ಲಿರುವವರ ಮನೆಯವರು ನನ್ನ ಹತ್ತಿರ ಹಿಂದಿ ಮಾತು ಕಲಿಯಲು ಬರುತ್ತಾರೆ. ಇವರಲ್ಲಿ ಎಷ್ಟೋ ಮಂದಿ ಚಿಕ್ಕಂದಿನಲ್ಲೇ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ ಪರೀಕ್ಷೆಗಳನ್ನು ಪಾಸು ಮಾಡಿಕೊಂಡವರು. 1918ರಲ್ಲಿ ಗಾಂಧೀಜಿ ಮದರಾಸಿನಲ್ಲಿ ಆರಂಭಿಸಿದ ಆ ಸಭೆ ದಕ್ಷಿಣದ ಮನೆಮನೆಗೂ ಹಿಂದಿ ಅಕ್ಷರ ತಲುಪಿಸಿತು. ಹಾಗಾಗಿ ಇವರಿಗೆ ಓದಲು, ಬರೆಯಲು ಬರುತ್ತದೆ. ತೊಡಕಾಗುವುದು ಎದುರಿಗೆ ಮನುಷ್ಯ ನಿಂತು ಮಾತಾಡಬೇಕಾದಾಗ, ಅದರಲ್ಲೂ ‘ಬೇರೆ ದಾರಿ ಇರಲಿಲ್ಲ’ ಎಂದು ಹೇಳಬೇಕಾದಾಗ.

ಮಜ್‌ಬೂರೀ ಹೈ, ಔರ್ ಕೋಯೀ ಚಾರಾ ನಹೀಂ, ಅಬ್ ಕ್ಯಾ ಕರೇಂ, ಜೋ ಹೋನಾ ಥಾ ಸೋ ಹೋ ಗಯಾ, ಊಪರ್‌ವಾಲೇ ಕೀ ಮರ್ಜೀ: ಇವೆಲ್ಲ ‘ವಿಧಿಯಿಲ್ಲ’, ‘ಇನ್ನೇನು ಮಾಡೋದು’, ‘ಆಗಬೇಕಾದ್ದು ಆಯಿತು’, ‘ದೇವರಿಚ್ಛೆ’ ಎನ್ನುವ ಮಾತುಗಳು. ಇವನ್ನು ಬಾಯಿಪಾಠ ಮಾಡುವುದು ಕಷ್ಟವಲ್ಲ, ನಮ್ಮವರು ಬೇಗ ಮಾಡುತ್ತಾರೆ. ಎಷ್ಟು ಸಲ ತಿದ್ದಿದರೂ ಮತ್ತೆ ಮತ್ತೆ ಎಡವುವುದು ‘ಪಡ್‌ನಾ’ ಎಂಬ ಪುಟ್ಟ ಕ್ರಿಯಾಪದದಲ್ಲಿ, ಅದರ ‘ಪಡಾ’, ‘ಪಡೇಗಾ’ ರೂಪಗಳಲ್ಲಿ.

ಕಾರಣ ನಮ್ಮ ‘ಬೇಕು’. ‘ಹೋಗಬೇಕು’ ಎಂದರೆ ಹೋಗುವ ಕೆಲಸವಿದೆ ಎಂದಾಗಬಹುದು, ಹೋಗುವುದು ಒಳ್ಳೆಯದು ಎಂದಾಗಬಹುದು, ಇಷ್ಟವಿಲ್ಲದಿದ್ದರೂ ಬಿಡುವಂತಿಲ್ಲ ಎಂದೂ ಆಗಬಹುದು. ಕನ್ನಡದಲ್ಲಿ ದನಿ, ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಹಿಂದಿಯಲ್ಲಿ ಇವು ಮೂರು ಬೇರೆ ಬೇರೆ. ‘ಜಾನಾ ಹೈ’ ಅಂದರೆ ಹೋಗುವುದಿದೆ, ಅಷ್ಟೇ. ‘ಜಾನಾ ಚಾಹಿಯೇ’ ಅಂದರೆ ಹೋಗುವುದು ಸರಿ, ಹೋಗದೆಯೂ ಇರಬಹುದು. ‘ಜಾನಾ ಪಡೇಗಾ’ ಅಂದರೆ ಮನಸ್ಸಿದ್ದರೂ ಇಲ್ಲದಿದ್ದರೂ ಹೊರಗಿನ ಒತ್ತಾಯಕ್ಕೆ ತಲೆಬಾಗಿ ಹೋಗಲೇಬೇಕು. ನಮ್ಮವರು ‘ಬೇಕಾಯಿತು’ ಬಂದ ಕಡೆಯಲ್ಲೆಲ್ಲ ‘ಪಡಾ’ ಹಾಕಿಬಿಡುತ್ತಾರೆ. ಆಗ ಹೇಳುವವರಿಗೇ ತಿಳಿಯದಂತೆ ಮಾತಿನೊಳಗೆ ಅಸಮಾಧಾನ ಸೇರಿಕೊಳ್ಳುತ್ತದೆ.

ಕಾನ್ಪುರಕ್ಕೆ ವರ್ಗವಾಗಿದ್ದ ನನ್ನ ವಿದ್ಯಾರ್ಥಿಯೊಬ್ಬರು ಸಹೋದ್ಯೋಗಿಯ ತಂಗಿಯ ಮದುವೆಗೆ ಹೋಗಿದ್ದರು. ಬಹಳ ಪ್ರೀತಿಯ ಮನುಷ್ಯ, ರಜೆ ಹಾಕಿ, ಉಡುಗೊರೆ ಹಿಡಿದುಕೊಂಡು ಹೋದವರು. ಹುಡುಗಿಯ ತಂದೆಗೆ ಕೈಮುಗಿದು ‘ಆಪ್‌ಕೀ ಬೇಟೀ ಕೀ ಶಾದೀ ಥೀ, ಇಸ್‌ಲಿಯೇ ಆನಾ ಪಡಾ’ ಎಂದರಂತೆ. ಅವರ ಮನಸ್ಸಿನಲ್ಲಿದ್ದದ್ದು ‘ನಿಮ್ಮ ಮಗಳ ಮದುವೆ, ಬರದೆ ಇರೋಕಾಗುತ್ತಾ?’ ಎಂಬ ಸಲುಗೆ. ಆ ಹಿರಿಯರ ಕಿವಿಗೆ ಬಿದ್ದದ್ದು ‘ಏನು ಮಾಡೋದು, ಬಂದು ಸಾಯಬೇಕಾಯ್ತು’ ಎಂಬಂಥ ಮಾತು. ‘ಅರೇ ಬೇಟಾ, ಐಸೀ ಕ್ಯಾ ಮಜ್‌ಬೂರೀ ಥೀ?’ (ಅಂಥ ಒತ್ತಾಯವೇನಿತ್ತಪ್ಪಾ?) ಎಂದು ಅವರು ಕೇಳಿದಾಗಲೂ ಇವರಿಗೆ ಹೊಳೆಯಲಿಲ್ಲ. ಅಲ್ಲಿ ಹೇಳಬೇಕಿದ್ದದ್ದು ‘ಆನಾ ತೋ ಥಾ ಹೀ’, ಅಂದರೆ ‘ಬರುವುದಂತೂ ಇದ್ದೇ ಇತ್ತು’ ಎಂದು. ಎಷ್ಟು ಚಿಕ್ಕ ವ್ಯತ್ಯಾಸ, ಎಂಥ ಒಳ್ಳೆಯ ಮನುಷ್ಯನಿಗೆ ಎಂಥ ಮುಜುಗರ! ಇಂಥದ್ದು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುವುದು ವಿದ್ಯಾರ್ಥಿಗಳ ಮೇಲಲ್ಲ, ‘ಪಡಾ ಅಂದರೆ ಬೇಕಾಯಿತು’ ಎಂದು ಒಂದೇ ಸಾಲಿನಲ್ಲಿ ಮುಗಿಸುವ ಗೈಡುಗಳ ಮೇಲೆ.

‘ಬರಬೇಕಾಯಿತು’ ಎಂಬುದನ್ನು ಬೇಸರದ ಸೋಂಕಿಲ್ಲದೆ ಹೇಳಲು ಹಿಂದಿಯಲ್ಲಿ ಇನ್ನೊಂದು ಸೊಗಸಾದ ದಾರಿಯಿದೆ: ‘ಆನಾ ಹುಆ’. ಮನೆಗೆ ಬಂದವರನ್ನು ಅಲ್ಲಿನವರು ‘ಕೈಸೇ ಆನಾ ಹುಆ?’ (ಏನು ಬಂದಿರಿ?) ಎಂದು ವಿಚಾರಿಸುತ್ತಾರೆ. ‘ಪಿಛಲೇ ಸಾಲ್ ಬನಾರಸ್ ಜಾನಾ ಹುಆ’ ಎಂದರೆ ಹೋಗುವ ಸಂದರ್ಭ ಒದಗಿತು ಎಂದರ್ಥ. ಅದರಲ್ಲಿ ದೂರೂ ಇಲ್ಲ, ಹಿಗ್ಗೂ ಇಲ್ಲ. ವರ್ಗವಾಗಿ ಹೋದ ಹೊಸದರಲ್ಲಿ ನೆರೆಮನೆಯವರು ‘ಇಲ್ಲಿಗೆ ಹೇಗೆ ಬಂದಿರಿ?’ ಎಂದು ಕೇಳಿದರೆ ‘ಟ್ರಾನ್ಸ್‌ಫರ್ ಮೇಂ ಆನಾ ಹುಆ’ ಅನ್ನಿ. ‘ಆನಾ ಪಡಾ’ ಅಂದರೆ ಅವರ ಊರು ನಿಮಗೆ ಶಿಕ್ಷೆ ಎಂದಂತಾಗುತ್ತದೆ.

ಇದನ್ನು ಕಲ್ಲಿನಲ್ಲಿ ಕೊರೆದ ನಿಯಮ ಎಂದುಕೊಳ್ಳಬೇಡಿ. ಅತಿಥೇಯರು ‘ಆಪ್‌ಕೋ ಹಮಾರೇ ಘರ್ ಆನಾ ಹೀ ಪಡೇಗಾ’ (ನಮ್ಮ ಮನೆಗೆ ನೀವು ಬರಲೇಬೇಕು) ಎಂದರೆ ಅದು ಪ್ರೀತಿಯ ಒತ್ತಾಯ. ‘ಮಾನ್‌ನಾ ಪಡೇಗಾ!’ ಎಂದರೆ ‘ಮೆಚ್ಚಲೇಬೇಕು ಕಣ್ರೀ’ ಎಂಬ ಶಾಭಾಷ್. ಒತ್ತಾಯ ಯಾರದು, ಭಾರ ಯಾರ ಮೇಲೆ ಎಂಬುದರಿಂದ ರುಚಿ ಬದಲಾಗುತ್ತದೆ. ಹೊಸಬರು ಈ ಪ್ರಯೋಗಗಳನ್ನು ಮೊದಲು ಕೇಳಿಸಿಕೊಳ್ಳಲಿ, ಆಮೇಲೆ ಆಡಲಿ.

ಭಾರ ಎಂದೆನಲ್ಲ, ವ್ಯಾಕರಣದ ಗುಟ್ಟೂ ಅಲ್ಲೇ ಇದೆ. ‘ಪಡ್‌ನಾ’ದ ಮೂಲ ಅರ್ಥ ಬೀಳುವುದು. ಕೆಲಸ ಬಂದು ಯಾರ ಮೇಲೆ ಬಿತ್ತೋ ಅವರು ಮುಝೇ (ನನಗೆ), ಉನ್‌ಕೋ, ಪಿತಾಜೀ ಕೋ ಆಗುತ್ತಾರೆ. ನಾವು ‘ನಾನು ಹೋಗಬೇಕಾಯಿತು’ ಎನ್ನುವವರು, ಆದ್ದರಿಂದ ‘ಮೈಂ ಜಾನಾ ಪಡಾ’ ಎಂದುಬಿಡುತ್ತೇವೆ. ಹೆಣ್ಣುಮಕ್ಕಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಮೈಂ ಜಾನೀ ಪಡೀ’ ಎನ್ನುತ್ತಾರೆ. ಹಾಗಿಲ್ಲಮ್ಮಾ. ಹೆಣ್ಣಾಗಲಿ ಗಂಡಾಗಲಿ ‘ಮುಝೇ ಜಾನಾ ಪಡಾ’. ಕ್ರಿಯಾಪದ ನಿಮ್ಮ ಮುಖ ನೋಡುವುದಿಲ್ಲ, ಮಾಡಬೇಕಾಗಿ ಬಂದ ವಸ್ತುವನ್ನು ನೋಡುತ್ತದೆ: ದವಾ (ಔಷಧಿ, ಸ್ತ್ರೀಲಿಂಗ) ಲೇನೀ ಪಡೀ, ಪೈಸೇ (ಹಣ, ಬಹುವಚನ) ದೇನೇ ಪಡೇ, ಘರ್ (ಮನೆ, ಪುಲ್ಲಿಂಗ) ಬೇಚ್‌ನಾ ಪಡಾ. ಬೀದರ್, ಕಲಬುರಗಿ ಕಡೆಯವರಿಗೆ ‘ಮುಝೇ’ ಪಾಠವನ್ನು ನಾನು ಹೇಳಿಕೊಡುವುದೇ ಇಲ್ಲ. ದಖನಿ, ಅಂದರೆ ಆ ಕಡೆಯ ಉರ್ದು ಮಾತು, ಕೇಳಿ ಬೆಳೆದ ಅವರ ಬಾಯಲ್ಲಿ ‘ಮೇರೇಕು ಜಾನಾ ಪಡಾ’ ತಾನಾಗಿ ಬರುತ್ತದೆ, ‘ಮೇರೇಕು’ವನ್ನು ‘ಮುಝೇ’ ಮಾಡಿದರೆ ಮುಗಿಯಿತು. ದೆಹಲಿಯಲ್ಲಿ ‘ಮುಝೇ’ ಬದಲು ‘ಮೈಂನೇ ಜಾನಾ ಹೈ’ ಎಂದು ಕೇಳಿಸಿದರೆ ಗೊಂದಲಪಡಬೇಡಿ, ಅದು ಪಂಜಾಬಿಯ ಪ್ರಭಾವ. ಅಲ್ಲಿನವರು ಆಡಿಕೊಳ್ಳಲಿ, ಬರಹದಲ್ಲಿ ನೀವು ಬಳಸದಿರುವುದೇ ಕ್ಷೇಮ.

ಸಾವಿನ ಮನೆಯ ಮಾತನ್ನೂ ಹೇಳಿಬಿಡುತ್ತೇನೆ. ‘ಕೋಯೀ ಬಾತ್ ನಹೀಂ’ ಎಂಬುದು ನಮ್ಮ ‘ಪರವಾಗಿಲ್ಲ’. ಕಾಲು ತುಳಿದವರಿಗೆ ಹೇಳುವ ಮಾತು ಅದು, ತಾಯಿ ಕಳೆದುಕೊಂಡವರಿಗಲ್ಲ. ‘ಜೋ ಹೋನಾ ಥಾ ಸೋ ಹೋ ಗಯಾ’, ‘ಹೋನೀ ಕೋ ಕೌನ್ ಟಾಲ್ ಸಕ್‌ತಾ ಹೈ’ (ವಿಧಿಯನ್ನು ತಪ್ಪಿಸುವವರು ಯಾರು) ಎಂಬವು ನೊಂದವರು ತಾವೇ ಆಡಿಕೊಳ್ಳುವ, ಇಲ್ಲವೇ ಮನೆಯ ಹಿರಿಯರು ಹೇಳುವ ಮಾತುಗಳು. ನಿನ್ನೆ ಪರಿಚಯವಾದ ನಮ್ಮಂಥವರು ಹೇಳಿದರೆ ‘ಸಾಕು, ಮರೆತುಬಿಡಿ’ ಎಂದಂತೆ ಕೇಳಬಹುದು. ‘ಸುನ್‌ಕರ್ ಬಹುತ್ ದುಖ್ ಹುಆ, ಹಿಮ್ಮತ್ ರಖಿಯೇ’ (ಕೇಳಿ ತುಂಬಾ ದುಃಖವಾಯಿತು, ಧೈರ್ಯ ತಂದುಕೊಳ್ಳಿ) ಎಂದರೆ ಸಾಕು.

ನಾನು ಅತ್ಯಂತ ಕಟ್ಟುನಿಟ್ಟಾಗಿ ತಿದ್ದುವುದು ನಕಾರವನ್ನು, ಅದರಲ್ಲೂ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ನರ್ಸ್‌ಗಳ ಬಾಯಲ್ಲಿ ಬಂದರೆ. ಬಿಹಾರ, ಜಾರ್ಖಂಡ್ ಕಡೆಯಿಂದ ಚಿಕಿತ್ಸೆಗೆ ಬಂದವರಿಗೆ ಆಪರೇಷನ್ನಿನ ಹಿಂದಿನ ರಾತ್ರಿ ‘ಸುಬಹ್ ಕುಛ್ ನಹೀಂ ಖಾನಾ ಪಡೇಗಾ’ ಎಂದರೆ ‘ಬೆಳಿಗ್ಗೆ ಏನೂ ತಿನ್ನಬೇಕಾದ ಅಗತ್ಯವಿಲ್ಲ’ ಎಂದಾಗುತ್ತದೆ. ಹಸಿವಾದರೆ ತಿನ್ನಬಹುದು ಎಂದು ರೋಗಿಯ ಮನೆಯವರು ತಿಳಿದರೆ ಅವರದ್ದೇನು ತಪ್ಪು? ‘ತಿನ್ನಬಾರದು’ ಎಂಬುದಕ್ಕೆ ‘ಪಡೇಗಾ’ ಸುತರಾಂ ಬೇಡ. ‘ಸುಬಹ್ ಕುಛ್ ಭೀ ನಹೀಂ ಖಾನಾ ಹೈ, ಪಾನೀ ಭೀ ನಹೀಂ ಪೀನಾ ಹೈ’ (ಬೆಳಿಗ್ಗೆ ಏನನ್ನೂ ತಿನ್ನಬಾರದು, ನೀರೂ ಕುಡಿಯಬಾರದು) ಎಂದು ಬಿಡಿಸಿ ಹೇಳಿ, ಅದನ್ನೇ ಅವರ ಬಾಯಿಂದ ಇನ್ನೊಮ್ಮೆ ಹೇಳಿಸಿ. ನೀರಿನ ವಿಚಾರದಲ್ಲಿ ವೈದ್ಯರು ಬೇರೆ ಸೂಚನೆ ಕೊಟ್ಟಿದ್ದರೆ ಅದನ್ನೂ ಇದೇ ‘ಹೈ’ ಹಾಕಿಯೇ ಹೇಳಿ.