ನೀರು ತಿಳಿಯಾಗಿದೆ, ಆದರೂ ಪಾಚಿ ಯಾಕೆ?

ಓದುಗರ ಪ್ರಶ್ನೆ: ನಮ್ಮದು ಚಿಕ್ಕ ಊರು. ಕೊಳಚೆ ನೀರು ಶುದ್ಧೀಕರಣ ಘಟಕದಿಂದ ಹೊಳೆಗೆ ಬಿಡುವ ನೀರು ನೋಡೋಕೆ ತಿಳಿಯಾಗಿದೆ, ವಾಸನೆಯೂ ಇಲ್ಲ. ಆದರೂ ಅಲ್ಲಿಂದ ಕೆಳಗೆ ಹೊಳೆ ತುಂಬ ಪಾಚಿ. ಘಟಕ ಸರಿಯಾಗಿ ಕೆಲಸ ಮಾಡ್ತಿಲ್ವಾ?

ಉತ್ತರ: ಮಾಡುತ್ತಿರಬಹುದು. ಪಾಚಿ ತಡೆಯುವುದು ಅದರ ಕೆಲಸದ ಪಟ್ಟಿಯಲ್ಲೇ ಇಲ್ಲದಿರಬಹುದು, ಅಷ್ಟೇ.

ಕೊಳಚೆ ನೀರು ಅಂದರೆ ಮೂಗು ಮುಚ್ಚಿಕೊಳ್ಳುತ್ತೇವೆ. ಆದರೆ ಅದರಲ್ಲಿ ಸುಮಾರು ಶೇ. 99.9 ಬರೀ ನೀರು. ತಾಪತ್ರಯವೆಲ್ಲ ಉಳಿದ ಚೂರಿನದು. ಬಟ್ಟೆ, ಪ್ಲಾಸ್ಟಿಕ್ ಜಾಲರಿಗೆ ಸಿಕ್ಕುತ್ತವೆ. ಮರಳು ತಳಕ್ಕೆ ಇಳಿಯುತ್ತದೆ. ನಿಜವಾದ ಕೆಲಸ ನಡೆಯುವುದು ಗಾಳಿ ಊದುವ ತೊಟ್ಟಿಯಲ್ಲಿ. ಅಲ್ಲಿ ಬ್ಯಾಕ್ಟೀರಿಯಾಗಳು ಕೊಳೆಯನ್ನೇ ತಿಂದು ಬೆಳೆಯುತ್ತವೆ, ಒಂದಕ್ಕೊಂದು ಅಂಟಿಕೊಂಡು ಕೆಸರಾಗಿ ಕೆಳಗೆ ಕೂರುತ್ತವೆ. ಆ ಕೆಸರನ್ನು ಎಸೆಯದೆ ಮತ್ತೆ ತೊಟ್ಟಿಗೆ ಬಿಟ್ಟರೆ ವಾರಗಟ್ಟಲೆಯ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ ಅಂತ 1914ರಲ್ಲಿ ತೋರಿಸಿದವರು ಮ್ಯಾಂಚೆಸ್ಟರ್‌ನ ರಸಾಯನಶಾಸ್ತ್ರಜ್ಞರಾದ ಆರ್ಡರ್ನ್ ಮತ್ತು ಲಾಕೆಟ್. ಇವತ್ತಿಗೂ ಬಹಳ ಕಡೆ ಅದೇ ದಾರಿ.

ಘಟಕದೊಳಗೆ ಹೋಗುವ ಅವಕಾಶ ಸಿಕ್ಕರೆ ಒಂದು ಪರೀಕ್ಷೆ ತೋರಿಸಿ ಅಂತ ಕೇಳಿ. ಗಾಳಿ ತೊಟ್ಟಿಯ ನೀರನ್ನು ಒಂದು ಲೀಟರ್ ಜಾಡಿಗೆ ತುಂಬಿ 30 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಮೊದಲು ಎಲ್ಲ ಕಂದು ಬಗ್ಗಡ. ಸ್ವಲ್ಪ ಹೊತ್ತಿಗೆ ಮೋಡದಂಥ ಉಂಡೆಗಳು ಕಟ್ಟಿಕೊಂಡು ನಿಧಾನಕ್ಕೆ ಇಳಿಯುತ್ತವೆ, ಮೇಲೆ ತಿಳಿನೀರು ನಿಲ್ಲುತ್ತದೆ. ಕೆಸರು ಕಂದಾಗಿದ್ದು ಮಣ್ಣಿನ ವಾಸನೆ ಬಂದರೆ ಆರೋಗ್ಯವಾಗಿದೆ. ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಕರೆಂಟ್ ಹೋಗಿ ಬ್ಲೋವರ್ ಬಹಳ ಹೊತ್ತು ನಿಂತರೂ ಹೀಗಾಗುತ್ತದೆ.

ಆ ತಿಳಿನೀರನ್ನೇ ನೀವು ನೋಡಿದ್ದು. ಆದರೆ ಕರಗಿದ್ದು ಕಣ್ಣಿಗೆ ಕಾಣಲ್ಲ, ಅಲ್ವಾ? ರಂಜಕ (ಫಾಸ್ಫರಸ್) ಕರಗಿಕೊಂಡು ಹೊರಗೆ ಬಂದುಬಿಡುತ್ತದೆ. ಬ್ಯಾಕ್ಟೀರಿಯಾಗಳು ತಮಗೆ ಬೇಕಾದಷ್ಟು ಮಾತ್ರ ತೆಗೆದುಕೊಳ್ಳುತ್ತವೆ. ಉಳಿದದ್ದನ್ನು ಆಲಂ ಅಥವಾ ಕಬ್ಬಿಣದ ಲವಣ ಹಾಕಿ ಕೂರಿಸಬೇಕು, ಇಲ್ಲವೇ ಅದಕ್ಕೇ ಬೇರೆ ವ್ಯವಸ್ಥೆ ಇರಬೇಕು. ಖರ್ಚು ಜಾಸ್ತಿ, ಹಾಗಾಗಿ ಎಷ್ಟೋ ಚಿಕ್ಕ ಘಟಕಗಳಲ್ಲಿ ಇದು ಇರುವುದೇ ಇಲ್ಲ. ಪಾಚಿಗೆ ರಂಜಕ ಒಳ್ಳೆಯ ಗೊಬ್ಬರ. ಅಮೋನಿಯಾದ ಕಥೆ ಬೇರೆ: ಅದನ್ನು ತಿನ್ನುವ ಬ್ಯಾಕ್ಟೀರಿಯಾ ಬೆಳೆಯುವುದೇ ನಿಧಾನ, ಚಳಿಯಲ್ಲಿ ಇನ್ನೂ ನಿಧಾನ. ಉಳಿದುಕೊಂಡ ಅಮೋನಿಯಾ ಮೀನಿಗೆ ವಿಷ. ರೋಗಾಣುಗಳಂತೂ ಕ್ಲೋರಿನ್ ಅಥವಾ ಯುವಿ ಬೆಳಕು ಇಲ್ಲದೆ ಪೂರ್ತಿ ಹೋಗಲ್ಲ, ಆದ್ದರಿಂದ ನೀರು ತಿಳಿಯಾಗಿದೆ ಅಂತ ಸುಮ್ನೆ ಮಕ್ಕಳನ್ನು ಇಳಿಸಬೇಡಿ.

ಹೊಳೆಯ ಹರಿವೂ ಲೆಕ್ಕಕ್ಕೆ ಬರುತ್ತದೆ. ಮಳೆಗಾಲದ ತುಂಬು ಹೊಳೆ ತಡೆದುಕೊಳ್ಳುವುದನ್ನು ಬೇಸಿಗೆಯ ಸಣ್ಣ ಹರಿವು ತಡೆದುಕೊಳ್ಳಲ್ಲ.

ಘಟಕದವರನ್ನು ಕೇಳುವುದಾದರೆ ಬರೀ ಬಿಒಡಿ (ನೀರಿನಲ್ಲಿ ಉಳಿದ ಕೊಳೆ ತಿನ್ನಲು ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆ) ಕೇಳಿ ಸುಮ್ಮನಾಗಬೇಡಿ. ಅದರ ಮಾಮೂಲಿ ಪರೀಕ್ಷೆಗೇ 5 ದಿನ ಬೇಕು, ಫಲಿತಾಂಶ ಬರುವ ಹೊತ್ತಿಗೆ ಆ ನೀರು ಎಲ್ಲೋ ಹೋಗಿರುತ್ತದೆ. ರಂಜಕ, ಅಮೋನಿಯಾ, ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಎಷ್ಟಿದೆ ಅಂತಲೂ ಕೇಳಿ. ನೀರು ಬಿಡುವ ಜಾಗಕ್ಕಿಂತ ಮೇಲೆ ಒಂದು ಮಾದರಿ, ಕೆಳಗೆ ಒಂದು ಮಾದರಿ ತೆಗೆಸಿ. ಮೇಲ್ಗಡೆಯೂ ಪಾಚಿ ಇದ್ದರೆ, ಘಟಕಕ್ಕೆ ಬೈಯುವ ಮುಂಚೆ ಹೊಲಗಳಿಂದ ಇಳಿದು ಬರುವ ಗೊಬ್ಬರದ ನೀರಿನ ಕಡೆಗೂ ಒಮ್ಮೆ ನೋಡಿ.